ಅಂಕಿತ ಮುಚ್ಚಿ ಓದಿ ನೋಡಿ

ಪ್ರಶ್ನೆ: ಕೆಲವು ವರ್ಷಗಳಿಂದ ಲಲಿತ ಪ್ರಬಂಧ ಬರೆಯುತ್ತಿದ್ದೇನೆ. ಒಂದೆರಡು ಪತ್ರಿಕೆಗಳಲ್ಲಿ ಅಚ್ಚಾಗಿವೆ. ಓದಿದವರೆಲ್ಲ ‘ಥೇಟ್ ತೇಜಸ್ವಿ’ ಅನ್ನುತ್ತಾರೆ. ಮೊದಮೊದಲು ಖುಷಿಯಾಗುತ್ತಿತ್ತು, ಈಗ ಕಿರಿಕಿರಿಯಾಗುತ್ತದೆ. ನನ್ನದೇ ಎನ್ನುವ ಒಂದು ಧ್ವನಿ ಬರಬೇಕಾದರೆ ಏನು ಮಾಡಬೇಕು? ಅದು ಹುಟ್ಟಿನಿಂದ ಬರುವುದೋ, ಕಲಿತರೆ ಬರುವುದೋ? ತೇಜಸ್ವಿಯವರನ್ನು ಓದುವುದನ್ನು ಕೆಲಕಾಲ ನಿಲ್ಲಿಸಲೇ? ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆದುಬಿಟ್ಟರೆ ಸರಿಹೋದೀತೆ? ಮೂರು ಬರಹಗಳನ್ನು ಜೊತೆಗಿಟ್ಟಿದ್ದೇನೆ. (ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪನ ಜೊತೆ ನಾನೂ ನೋಡಿಕೊಳ್ಳಬೇಕು. ಹಾಗಾಗಿ ಬರೆಯಲು ಸಿಗುವುದು ರಾತ್ರಿ ಮಾತ್ರ. ಅಕ್ಷರ ಕೆಟ್ಟದಾಗಿದ್ದರೆ ಮನ್ನಿಸಿ.)
ಹೆಸರು ಬೇಡವೆಂದ ಓದುಗರು, ದಾವಣಗೆರೆ

ಉತ್ತರ: ಅಕ್ಷರ ಚೆನ್ನಾಗಿಯೇ ಇದೆ. ಮೂರೂ ಬರಹ ಓದಿದೆ. ಮೊದಲನೆಯದರಲ್ಲಿ ಒಂದೇ ಸಮನೆ ಸುರಿಯುವ ಮಳೆ. ಎರಡನೆಯದರಲ್ಲಿ ಕಾಫಿ ತೋಟದ ದಾರಿಯಲ್ಲಿ ಹೂತುಕೊಂಡ ಜೀಪು, ಅದನ್ನು ಎತ್ತಲು ಬಂದು ಎತ್ತುವುದೊಂದನ್ನು ಬಿಟ್ಟು ಬೇರೆಲ್ಲ ಮಾತಾಡುವ ಆಳುಗಳು. ಮೂರನೆಯದರಲ್ಲಿ ಹೆಸರು ಗೊತ್ತಿಲ್ಲದ ಒಂದು ಹಕ್ಕಿ, ಒಂದು ನಾಯಿ, ಎಲ್ಲವನ್ನೂ ಬಲ್ಲ ಒಬ್ಬ ಹಳ್ಳಿಯವನು. ವಾಕ್ಯಗಳು ಚೊಕ್ಕವಾಗಿವೆ. ನಗಿಸಬೇಕಾದ ಕಡೆ ನಗು ಬರುತ್ತದೆ. ಅಚ್ಚು ಹಾಕಿದ ಸಂಪಾದಕರದು ತಪ್ಪೇನಿಲ್ಲ.

ಆದರೆ ಸ್ವಾಮಿ, ನೀವಿರುವುದು ದಾವಣಗೆರೆಯಲ್ಲಿ. ತೇಜಸ್ವಿಯವರ ಮೂಡಿಗೆರೆಯ ಮಳೆಗಾಲ ಎಲ್ಲಿ, ನಿಮ್ಮೂರಿನ ಮಳೆಗಾಲ ಎಲ್ಲಿ! ನಿಮ್ಮ ಊರಿನ ಹೆಸರಿಗೆ ಬೆಣ್ಣೆದೋಸೆಯಷ್ಟೇ ಗಟ್ಟಿಯಾಗಿ ಅಂಟಿಕೊಂಡಿರುವ ಮಂಡಕ್ಕಿ ಭಟ್ಟಿ ನಿಮ್ಮ ಮನೆಯ ಕಸುಬು. ಅದು ಮೂರು ಬರಹಗಳಲ್ಲಿ ಒಂದರಲ್ಲೂ ಇಲ್ಲ. ಬಂದಿರುವುದು ಕಾಗದದ ಕೊನೆಯಲ್ಲಿ, ಅದೂ ಆವರಣದೊಳಗೆ, ಕ್ಷಮೆ ಕೇಳುವ ನೆಪದಲ್ಲಿ. ಎರವಲು ಶೈಲಿಯ ಬಗ್ಗೆ ನಾನು ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬರೆಯುತ್ತ ಬರೆಯುತ್ತ ಅದು ತಾನೇ ಉದುರುತ್ತದೆ. ನೀವು ತೇಜಸ್ವಿಯವರಿಂದ ಶೈಲಿಯ ಜೊತೆಗೆ ಅವರ ಊರನ್ನೂ, ಅವರ ಮಳೆಯನ್ನೂ, ಅವರ ನಾಯಿಯನ್ನೂ ತಂದುಕೊಂಡಿದ್ದೀರಿ. ಇದು ತಾನಾಗಿ ಉದುರುವುದಿಲ್ಲ.

ಹುಟ್ಟಿನಿಂದ ಬರುತ್ತದೆಯೇ ಎಂದು ಕೇಳಿದಿರಲ್ಲ, ಅಲ್ಲಿಂದ ಶುರು ಮಾಡೋಣ. ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ ಬಂದದ್ದು 1946ರಲ್ಲಿ, ಆಗ ಅವರಿಗೆ ಇಪ್ಪತ್ತೆಂಟು. ಅದರಲ್ಲಿ ‘ನನ್ನ ನುಡಿ’ ಎಂಬ ಪದ್ಯವಿದೆ. ಬೇರೆಯವರು ಹೇಳಿದ್ದನ್ನೇ, ಬರೆದದ್ದನ್ನೇ ಮತ್ತೆ ಮತ್ತೆ ಬರೆದು ಸಾಕಾಯಿತು, ನನ್ನ ಒಳಗನ್ನು ನನ್ನದೇ ಮಾತಿನಲ್ಲಿ ತೆರೆದು ತೋರುವ ಶಕ್ತಿ ಬರುವ ತನಕ ನೆಮ್ಮದಿಯಿಲ್ಲ ಎಂಬ ಅಳಲು ಆ ಪದ್ಯದ ಹುರುಳು. ನಿಮ್ಮ ಕಾಗದವೂ ಅದೇ ಅಳಲು. ಇನ್ನು ಆ ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ. ಪ್ರಾಸ, ಲಯ, ಪದಗಳ ಆಯ್ಕೆ, ಎಲ್ಲವೂ ನವೋದಯದ್ದೇ. ನನ್ನ ಮಾತು ಬೇಕು ಎಂಬ ಹಂಬಲವನ್ನು ಕೂಡ ಅಡಿಗರು ಹಿಂದಿನವರ ಮಾತಿನಲ್ಲೇ ತೋಡಿಕೊಳ್ಳಬೇಕಾಯಿತು. ಆಮೇಲೆ 1948ರಲ್ಲಿ ‘ಕಟ್ಟುವೆವು ನಾವು’, 1952ರಲ್ಲಿ ‘ನಡೆದು ಬಂದ ದಾರಿ’. ಈಗ ನಾವು ‘ಅಡಿಗರ ಧ್ವನಿ’ ಎಂದು ಗುರುತಿಸುವುದು ತುಂಬಿ ಬಂದದ್ದು 1954ರ ‘ಚಂಡೆಮದ್ದಳೆ’ಯಲ್ಲಿ, ಅಂದರೆ ನಾಲ್ಕನೆಯ ಪುಸ್ತಕದಲ್ಲಿ. ಹುಟ್ಟಿನಿಂದ ಬರುವುದಾಗಿದ್ದರೆ ಅವರು ಅಷ್ಟು ಕಾಯಬೇಕಿರಲಿಲ್ಲ.

ನಡುವಿನ ಎಂಟು ವರ್ಷದಲ್ಲಿ ಆದದ್ದೇನು? ಸ್ವಾತಂತ್ರ್ಯ ಬಂತು, ಅದರ ಹಿಂದೆಯೇ ಭ್ರಮನಿರಸನವೂ ಬಂತು. ಅವರು ಇಂಗ್ಲಿಷ್ ಅಧ್ಯಾಪಕರು, ಎಲಿಯಟ್ ಮುಂತಾದವರನ್ನು ಚೆನ್ನಾಗಿ ಓದಿಕೊಂಡವರು. ಕೋಪ, ವ್ಯಂಗ್ಯ, ಹೇಸಿಗೆ ಇವೆಲ್ಲ ಹಳೆಯ ಇಂಪಾದ ಲಯದೊಳಗೆ ಕೂರಲಿಲ್ಲ. ಕೂರದ್ದನ್ನು ಬಲವಂತವಾಗಿ ಕೂರಿಸುವ ಬದಲು ಅವರು ಲಯವನ್ನೇ ಮುರಿದರು. ‘ಗೊಂದಲಪುರ’, ‘ಹಿಮಗಿರಿಯ ಕಂದರ’ ಓದಿದರೆ ಇದು ಗೊತ್ತಾಗುತ್ತದೆ. ನನಗೆ ಇನ್ನೂ ಹೆಚ್ಚು ಇಷ್ಟವಾಗುವ ಸಂಗತಿ ಬೇರೆ. ಅಷ್ಟೆಲ್ಲ ಇಂಗ್ಲಿಷ್ ಕಾವ್ಯ ಓದಿ, ಅದರಿಂದ ಧಾರಾಳವಾಗಿ ಕಲಿತು, ಕೊನೆಗೆ ಆ ಪುಸ್ತಕಕ್ಕೆ ಅವರು ಇಟ್ಟ ಹೆಸರು ಯಕ್ಷಗಾನದ್ದು, ತಮ್ಮ ಕರಾವಳಿಯದ್ದು. ಕಲಿಕೆ ಎಲ್ಲಿಂದ ಬೇಕಾದರೂ ಬರಲಿ, ಸದ್ದು ಮಾತ್ರ ಅವರೂರು ಮೊಗೇರಿಯ ಕಡೆಯದಾಗಿತ್ತು.

ಅನುಕರಣೆಗೆ ನಾಚಬೇಡಿ. ನಾಚಿಕೆಯ ಸಂಗತಿ ಬೇರೆ ಇದೆ, ಹೇಳುತ್ತೇನೆ.

ತೇಜಸ್ವಿಯವರನ್ನು ಓದುವುದು ನಿಲ್ಲಿಸಲೇ ಎಂದರೆ, ಬೇಡ. ಇನ್ನೂ ಸರಿಯಾಗಿ ಓದಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಿಂದ ಶುರು ಮಾಡಿ. ಅದು ಬಂದದ್ದು 1973ರಲ್ಲಿ. ಅದಕ್ಕೆ ಮುಂಚೆ ಅವರು ನವ್ಯದ ದಾರಿಯಲ್ಲೇ ಬರೆದಿದ್ದರು, ‘ಸ್ವರೂಪ’ ಓದಿದರೆ ತಿಳಿಯುತ್ತದೆ. ಈ ಮುನ್ನುಡಿಯಲ್ಲಿ ನವ್ಯದ ದಾರಿ ತನಗೆ ಮುಗಿಯಿತು ಎಂದು ಖಂಡತುಂಡವಾಗಿ ಹೇಳಿ, ಬೇರೆ ದಿಕ್ಕು ಹಿಡಿಯುತ್ತಾರೆ. ಹಿಡಿಯುವಾಗ ಅವರು ‘ಇನ್ನು ನಾನು ಯಾರ ಋಣದಲ್ಲೂ ಇಲ್ಲ’ ಎನ್ನುವುದಿಲ್ಲ. ಲೋಹಿಯಾ, ಕಾರಂತ, ಕುವೆಂಪು ಎಂದು ಮೂವರ ಹೆಸರು ಹೇಳಿ, ಯಾರಿಂದ ಏನನ್ನು ಪಡೆದೆ ಎಂದು ಬಿಡಿಸಿ ಹೇಳುತ್ತಾರೆ. ಒಬ್ಬರಿಂದ ವಿಚಾರ, ಒಬ್ಬರಿಂದ ಬದುಕುವ ರೀತಿ, ಒಬ್ಬರಿಂದ ಕಲೆ. ಮೂರರಲ್ಲಿ ಒಂದು ಹೆಸರು ಸ್ವಂತ ಅಪ್ಪನದು.

ಆ ಅಪ್ಪನನ್ನು ಯೋಚಿಸಿ ನೋಡಿ. ಓದಿದವರು ‘ಥೇಟ್ ತೇಜಸ್ವಿ’ ಎಂದರೆ ನಿಮಗೆ ಕಿರಿಕಿರಿ. ‘ಥೇಟ್ ಕುವೆಂಪು’ ಅನ್ನಿಸಿಕೊಳ್ಳುವ ಅಪಾಯ ತೇಜಸ್ವಿಗೆ ಎಷ್ಟಿತ್ತು! ಅದೇ ಭಾಷೆ, ಅದೇ ಮನೆತನ, ಅದೇ ಮಲೆನಾಡು. ಇಬ್ಬರದೂ ಅದೇ ಕಾಡು, ಅದೇ ಜಿಗಣೆ, ಅದೇ ಮಳೆ. ಆದರೂ ‘ಮಲೆಗಳಲ್ಲಿ ಮದುಮಗಳು’ ಬರೆದ ಕೈಯನ್ನೂ ‘ಕರ್ವಾಲೊ’ ಬರೆದ ಕೈಯನ್ನೂ ಅರ್ಧ ಪುಟ ಓದಿದರೆ ಸಾಕು, ಯಾರೂ ಅದಲುಬದಲು ಮಾಡುವುದಿಲ್ಲ. ಯಾಕೆ ಹೀಗೆ ಎಂಬುದಕ್ಕೆ ನನಗೆ ತೋಚುವ ಕಾರಣ ಬಹಳ ಸರಳ. ಕುವೆಂಪು ಮಲೆನಾಡನ್ನು ಬರೆದದ್ದು ಬಹುಪಾಲು ಮೈಸೂರಿನಲ್ಲಿ ಕೂತು. ದೂರವಾದ ಊರು, ಬಾಲ್ಯದ ಊರು, ಹಾಗಾಗಿ ಅದು ನೆನಪಿನಲ್ಲಿ ದೊಡ್ಡದಾಗುತ್ತ, ಕೊನೆಗೆ ದರ್ಶನವೇ ಆಗುತ್ತದೆ. ಮಗ ಕನ್ನಡ ಎಂ.ಎ. ಮುಗಿಸಿ ಮೇಷ್ಟರಾಗದೆ ಮೂಡಿಗೆರೆಗೆ ಹೋಗಿ ತೋಟ ಮಾಡಿದರು. ಆಳು ಸಿಗಬೇಕು, ಪಂಪು ಕೆಟ್ಟರೆ ಬಿಚ್ಚಬೇಕು, ಸೊಸೈಟಿಗೆ ಅಲೆಯಬೇಕು. ಅದೇ ಕಾಡು ಈಗ ನೆರೆಮನೆ. ನೆರೆಮನೆಯವರ ಬಗ್ಗೆ ಯಾರೂ ಉಪಮಾಲಂಕಾರದಲ್ಲಿ ಮಾತಾಡುವುದಿಲ್ಲ, ತಮಾಷೆ, ಬೈಗುಳ, ಬೆರಗು ಇಷ್ಟರಲ್ಲಿ ಮುಗಿಸುತ್ತಾರೆ. ತೇಜಸ್ವಿಯವರ ಗದ್ಯ ಹಾಗಿರುವುದಕ್ಕೆ ಅವರು ಶೈಲಿಯ ಅಭ್ಯಾಸ ಮಾಡಿದ್ದಕ್ಕಿಂತ ತೋಟ ಮಾಡಿದ್ದು ಹೆಚ್ಚು ಕಾರಣ ಎಂದು ನನ್ನ ಎಣಿಕೆ. ಅವರ ವಾಕ್ಯ ನಿಮಗೆ ಬಂದಿದೆ, ಅವರ ತೋಟ ಬಂದಿಲ್ಲ. ಬರಬೇಕಾಗಿಯೂ ಇಲ್ಲ, ನಿಮ್ಮ ಬಳಿ ಭಟ್ಟಿ ಇದೆ.

ಇನ್ನೊಂದು ಅಪ್ಪ-ಮಗನ ಜೋಡಿಯೂ ಕನ್ನಡದಲ್ಲಿದೆ. ಡಿ.ವಿ.ಜಿ. ಮತ್ತು ಬಿ.ಜಿ.ಎಲ್. ಸ್ವಾಮಿ. ಅಪ್ಪನದು ಗಂಭೀರವಾದ, ಅಳೆದು ತೂಗಿದ, ಸಂಸ್ಕೃತದ ತೂಕವಿರುವ ಗದ್ಯ. ‘ಮಂಕುತಿಮ್ಮನ ಕಗ್ಗ’ ಬಂದದ್ದು 1943ರಲ್ಲಿ, ಮಗ ಆಗ ಇಪ್ಪತ್ತೈದರ ಯುವಕ. ಆ ಮಗ ಹೋಗಿ ಸೇರಿದ್ದು ಸಸ್ಯಶಾಸ್ತ್ರವನ್ನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತ, ವಿದ್ಯಾರ್ಥಿಗಳ ಹಿಂಡು ಕಟ್ಟಿಕೊಂಡು ಬೆಟ್ಟ ಕಾಡು ತಿರುಗಿದ್ದು ‘ಹಸುರು ಹೊನ್ನು’ ಆಯಿತು, ಚಿತ್ರಗಳನ್ನೂ ತಾವೇ ಬರೆದರು. ಎಲೆ, ಹೂವು, ಬೇರುಗಳ ವಿವರ ಪಾಠದಷ್ಟು ಖಚಿತ, ನಡುನಡುವೆ ಹುಡುಗರ ತರಲೆ, ಮೇಷ್ಟರ ತುಂಟತನ. ಆ ಗದ್ಯದಲ್ಲಿ ಡಿ.ವಿ.ಜಿ.ಯವರನ್ನು ಹುಡುಕಿದರೂ ಸಿಗುವುದಿಲ್ಲ. ಕುವೆಂಪು 1955ರಲ್ಲಿ, ಡಿ.ವಿ.ಜಿ. 1967ರಲ್ಲಿ, ಸ್ವಾಮಿ 1978ರಲ್ಲಿ, ತೇಜಸ್ವಿ 1987ರಲ್ಲಿ, ಹೀಗೆ ನಾಲ್ವರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಮನೆಯಲ್ಲಿ ಮಗ ತನ್ನ ಮಾತನ್ನು ಪುಸ್ತಕದ ಕಪಾಟಿನ ಆಚೆ, ಹುಳು, ಗಿಡ, ಜೇನು, ಓತಿಕ್ಯಾತಗಳ ನಡುವೆ ಕಂಡುಕೊಂಡ. ಇದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ತನ್ನ ಕಡೆಗೇ ನೋಡುತ್ತ ಕೂತವನಿಗೆ ತಾನು ಓದಿದ ಪುಸ್ತಕಗಳೇ ಕಾಣುತ್ತವೆ. ಎದುರಿಗಿರುವ ವಸ್ತುವನ್ನು ಸರಿಯಾಗಿ ಹೇಳಬೇಕೆಂದು ಹೆಣಗುವವನಿಗೆ, ಹೇಳುವುದಕ್ಕೆ ಬೇಕಾದ ಮಾತು ಆ ಹೆಣಗಾಟದಲ್ಲೇ ಹುಟ್ಟಬೇಕು.

ಇದನ್ನು ಪರೀಕ್ಷೆ ಮಾಡಿ ನೋಡಲು ನಮ್ಮಲ್ಲಿ ಎಂಟುನೂರು ವರ್ಷಕ್ಕೂ ಹಳೆಯ ಸಾಧನವಿದೆ. ವಚನಗಳ ಪುಸ್ತಕ ತೆಗೆದು, ಅಂಕಿತದ ಮೇಲೆ ಬೆರಳಿಟ್ಟು ಓದಿ. ಕೂಡಲಸಂಗಮದೇವನನ್ನು ಮುಚ್ಚಿದರೂ ಬಸವಣ್ಣ ಗೊತ್ತಾಗುತ್ತಾರೆ, ಗುಹೇಶ್ವರನನ್ನು ಮುಚ್ಚಿದರೂ ಅಲ್ಲಮ ಅಡಗುವುದಿಲ್ಲ, ಅಕ್ಕನಂತೂ ಮೊದಲ ಮಾತಿಗೇ ಸಿಕ್ಕಿಬೀಳುತ್ತಾಳೆ. ಒಂದೇ ಕಾಲ, ಒಂದೇ ಚಳವಳಿ, ಹೆಚ್ಚುಕಡಿಮೆ ಒಂದೇ ರೂಪ, ಒಂದೇ ನಂಬಿಕೆ. ದನಿ ಮಾತ್ರ ಒಬ್ಬೊಬ್ಬರದು ಒಂದೊಂದು. ಅಂಬಿಗರ ಚೌಡಯ್ಯನದು ಇನ್ನೂ ವಿಚಿತ್ರ. ಉಳಿದವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಈತ ತನ್ನ ಹೆಸರನ್ನೇ, ಕಸುಬಿನ ಸಮೇತ, ಅಂಕಿತ ಮಾಡಿಕೊಂಡ. ಮಾತೂ ಹಾಗೆಯೇ, ಮುಲಾಜಿಲ್ಲ, ನಯವಿಲ್ಲ, ದಡದಿಂದ ದಡಕ್ಕೆ ಕೂಗಿ ಹೇಳಿದ ಹಾಗೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಇವರ ಹೆಸರಲ್ಲೇ ಕಸುಬು ಇದೆ. ಕಸುಬನ್ನು ಆವರಣದೊಳಗೆ ಹಾಕಿ ಕ್ಷಮೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ನಾಚಿಕೆಯ ಸಂಗತಿ ಎಂದೆನಲ್ಲ, ಅದು ಇದು. ಇದು ನಿಮ್ಮೊಬ್ಬರದೇ ಕಾಯಿಲೆಯಲ್ಲ, ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ತುಂಬ ಕಾಣುತ್ತದೆ. ಬ್ಯಾಂಕಿನವರು ಬ್ಯಾಂಕಿನ ಬಗ್ಗೆ ಬರೆಯುವುದಿಲ್ಲ, ನರ್ಸುಗಳು ವಾರ್ಡಿನ ಬಗ್ಗೆ ಬರೆಯುವುದಿಲ್ಲ, ಎಲ್ಲರೂ ಬಿಡುವಿನಲ್ಲಿ ಮುಂಗಾರು ಮಳೆಯ ಬಗ್ಗೆ ಬರೆಯುತ್ತಾರೆ.

ಮಳೆ ಅಂದಕೂಡಲೇ ನೆನಪಾಯಿತು. ನಿಮ್ಮ ಮೊದಲ ಪ್ರಬಂಧದಲ್ಲಿ ಮಳೆ ಒಂದು ಸುಖ. ಕಂಬಳಿ, ಹಬೆಯಾಡುವ ಲೋಟ, ಹಂಚಿನ ಮೇಲೆ ಬೀಳುವ ಹನಿಯ ಸದ್ದು. ಮಂಡಕ್ಕಿ ಮಾಡುವ ಮನೆಯವರಿಗೆ ಮಳೆ ಸುಖವೇ? ನನಗೆ ಗೊತ್ತಿರುವ ಮಟ್ಟಿಗೆ, ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿಯಬೇಕು. ಬಯಲಲ್ಲಿ ಭತ್ತ ಹರಡಿರುವಾಗ ಮೋಡ ಕವಿದರೆ ನಿಮ್ಮ ಅಪ್ಪ ಕವಿತೆ ಓದುತ್ತಾರೆಯೇ? ಓಡಿ ಹೋಗಿ ಬಾಚುತ್ತಾರೆ, ಕೂಗುತ್ತಾರೆ, ತಾಡಪಾಲು ಎಳೆಯುತ್ತಾರೆ. ಆ ಮಳೆ ಕನ್ನಡ ಪ್ರಬಂಧದಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಅದನ್ನು ಬರೆಯಬಲ್ಲವರು ನೀವು. ಮರಳು ಕಾದದ್ದು ಸಾಕೋ ಸಾಲದೋ ಎಂದು ಹುರಿಯುವವನಿಗೆ ಹೇಗೆ ತಿಳಿಯುತ್ತದೆ? ಉಪ್ಪು ಒಂದು ಹಿಡಿ ಹೆಚ್ಚಾದರೆ ಮಂಡಕ್ಕಿಗೆ ಏನಾಗುತ್ತದೆ? ಬೇಸಿಗೆಯ ಮಧ್ಯಾಹ್ನ ಒಲೆಯ ಮುಂದೆ ನಿಂತವನು ಏನು ಮಾತಾಡುತ್ತಾನೆ, ಅಥವಾ ಮಾತಾಡುವುದನ್ನೇ ಬಿಡುತ್ತಾನೆಯೇ? ಅಷ್ಟು ಹಗುರವಾದ ಮಾಲಿನ ಚೀಲ ಹೊರುವವರಿಗೆ ಕೂಲಿ ಯಾವ ಲೆಕ್ಕದಲ್ಲಿ, ತೂಕಕ್ಕೋ, ಚೀಲಕ್ಕೋ? ಇದಕ್ಕೆಲ್ಲ ಉತ್ತರ ಬರೆಯುವಾಗ ತೇಜಸ್ವಿಯವರ ವಾಕ್ಯ ನಿಮಗೆ ಅರ್ಧ ದಾರಿಯವರೆಗೆ ಬರುತ್ತದೆ, ಆಮೇಲೆ ಸಾಲದಾಗುತ್ತದೆ. ಅಲ್ಲಿ ನಿಂತು ತಡಕಾಡಬೇಕು. ಆ ತಡಕಾಟ ಬೇಸರದ ಕೆಲಸ, ಬಹಳ ಜನ ಅಲ್ಲಿಂದಲೇ ವಾಪಸು ಬಂದು ಮಳೆ ಕಾಫಿ ಹಿಡಿಯುತ್ತಾರೆ.

ವಸ್ತುವಿನ ಜೊತೆಗೆ ಇನ್ನೊಂದು ಬೇಕು, ಕೇಳುವವರು. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಖಚಿತವಾಗದೆ ದನಿ ನಿಲ್ಲುವುದಿಲ್ಲ. ಮುದ್ದಣನನ್ನು ನೋಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಿದ್ದ ಬಡ ಮೇಷ್ಟರು, 1901ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೊಂದು. ತಮ್ಮ ಕೃತಿಗಳನ್ನು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಸಂಕೋಚಪಟ್ಟು, ಹಳೆಯ ಕವಿಯೊಬ್ಬನ ಕೃತಿ ಎಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳಿಸಿದರು. ಭಾಷೆ ಹಳಗನ್ನಡ, ಕತೆ ರಾಮನದು, ಹೆಸರು ಮರೆಮಾಚಿದ್ದು. ಸ್ವಂತದ್ದು ಅನ್ನಲು ಏನೂ ಉಳಿಯಬಾರದಿತ್ತು. ಆದರೆ ‘ಶ್ರೀರಾಮಾಶ್ವಮೇಧ’ದಲ್ಲಿ ಕತೆ ಕೇಳಲು ಮನೋರಮೆ ಕೂತಿದ್ದಾಳಲ್ಲ. ಗಂಡ ಸಂಸ್ಕೃತ ಹೇರಿದರೆ ತಡೆಯುತ್ತಾಳೆ, ಬಿಗುಮಾನ ಮಾಡಿದರೆ ಛೇಡಿಸುತ್ತಾಳೆ, ತಿಳಿಯುವ ಹಾಗೆ ಹೇಳು ಎನ್ನುತ್ತಾಳೆ. ಅವಳು ಬಾಯಿ ಹಾಕಿದಲ್ಲೆಲ್ಲ ಹಳಗನ್ನಡದ ಗದ್ಯ ಇದ್ದಕ್ಕಿದ್ದಂತೆ ಇಂದಿನ ಮನೆಯ ಜಗುಲಿಗೆ ಬಂದುಬಿಡುತ್ತದೆ. ಇವತ್ತಿಗೂ ಜನ ನೆನೆಸಿಕೊಳ್ಳುವುದು ಅಶ್ವಮೇಧದ ಕುದುರೆಯನ್ನಲ್ಲ, ಆ ಗಂಡ ಹೆಂಡಿರ ಸರಸವನ್ನು. ಎರವಲು ಭಾಷೆಯ ಒಳಗೂ ನಿಜವಾಗಿ ಕೇಳುವ ಒಬ್ಬಳು ಸ್ವಂತ ದನಿ ಹೊರಡಿಸಬಲ್ಲಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಲಂಕೇಶರದು ಇದೇ ಕತೆಯ ಇನ್ನೊಂದು ರೂಪ. ಇಂಗ್ಲಿಷ್ ಮೇಷ್ಟರಾಗಿ, ನವ್ಯ ಕತೆಗಾರರಾಗಿ, ‘ಬಿರುಕು’ ಕಾದಂಬರಿ ಬರೆದಾಗ ಅವರ ಎದುರಿಗಿದ್ದ ಓದುಗ ಇನ್ನೊಬ್ಬ ಸಾಹಿತಿ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾದ ಮೇಲೆ ಎದುರಿಗಿದ್ದವನು ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೊಟ್ಟು ಪತ್ರಿಕೆ ಕೊಂಡವನು. ಜಾಹೀರಾತಿಲ್ಲದ ಪತ್ರಿಕೆ, ಓದುಗ ಕೈಬಿಟ್ಟರೆ ಮುಂದಿನ ವಾರವಿಲ್ಲ. ‘ಟೀಕೆ-ಟಿಪ್ಪಣಿ’ಯ ಗದ್ಯ ಅಷ್ಟು ಬಿಗಿ, ಅಷ್ಟು ಸಲೀಸು ಆದದ್ದು ಈ ಒತ್ತಡದಲ್ಲಿ. ಅದೇ ಪತ್ರಿಕೆಯಲ್ಲಿ 1981ರಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ಕಾಸರಗೋಡಿನವರು, ನಲವತ್ತು ದಾಟಿದ ಗೃಹಿಣಿ, ಯಾವ ಸಾಹಿತ್ಯ ಗುಂಪಿಗೂ ಸೇರಿದವರಲ್ಲ. ಅವರ ವಾಕ್ಯಗಳಲ್ಲಿ ಅಲಂಕಾರ ಹುಡುಕಬೇಡಿ, ಇಲ್ಲ. ಇರುವುದು ತಲಾಖ್ ಹೇಳಿಸಿಕೊಂಡ ಒಬ್ಬ ಹೆಣ್ಣುಮಗಳ ಮನೆಯೊಳಗನ್ನು ಒಳಗಿನಿಂದಲೇ ಕಂಡ ಕಣ್ಣು, ಮತ್ತು ಇದನ್ನು ಯಾರಾದರೂ ಹೇಳಲೇಬೇಕು ಎಂಬ ಹಟ. ಶೈಲಿಯಿಲ್ಲ ಎಂದು ಮೂಗು ಮುರಿಯುವವರು ಮುರಿಯಲಿ, ಆ ದನಿ ಬೇರೆ ಯಾರಲ್ಲೂ ಸಿಗುವಂಥದ್ದಲ್ಲ. ಆ ಪತ್ರಿಕೆಯ ಬಳಗದಲ್ಲೇ ಬರೆದು ಬೆಳೆದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೂ ಗೊತ್ತಿದೆ. ಹಾಸನದ ವಕೀಲೆ ಅವರು, ಬರೆದದ್ದೂ ಸುತ್ತಮುತ್ತಲ ಮನೆಗಳ ಸಂಗತಿಯನ್ನೇ.

ಇನ್ನು ಮನೆಯ ಕನ್ನಡದ ಮಾತು. ನಾಲ್ಕು ಕಡೆ ‘ಐತಿ’, ‘ಬರ್ರಿ’, ‘ಹೌದ್ರಿ’ ಸೇರಿಸಿದರೆ ಧ್ವನಿ ಬರುತ್ತದೆ ಎಂದುಕೊಂಡಿದ್ದರೆ ಬೇಡ. ಬರಹಗಾರ ತಾನು ಶಿಷ್ಟವಾಗಿ ನಿಂತು, ಪಾತ್ರಗಳ ಬಾಯಲ್ಲಿ ಮಾತ್ರ ಗ್ರಾಮ್ಯ ತುರುಕುವುದು ನಾಟಕದ ಕಂಪನಿಯ ಹಾಸ್ಯಗಾರನ ವೇಷವಾದೀತು. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಮಾಡಿದ್ದು ಬೇರೆಯೇ ಕೆಲಸ. ಅಲ್ಲಿ ಪಾತ್ರಗಳಷ್ಟೇ ಅಲ್ಲ, ಕತೆ ಹೇಳುವ ದನಿಯೂ ನಂಜನಗೂಡು ಸೀಮೆಯದು. ಮಂಚ ಮಾತಾಡುತ್ತದೆ, ದೀಪದ ಜೋತಮ್ಮಂದಿರು ಊರ ಸುದ್ದಿ ಹೇಳಿಕೊಳ್ಳುತ್ತಾರೆ. ಆ ಲೋಕಕ್ಕೆ ಬೇರೆ ಕನ್ನಡ ಹೊಂದುತ್ತಲೇ ಇರಲಿಲ್ಲ. ಆ ಪುಸ್ತಕ ಓದಲು ತಿಣುಕಿದವರು ಬಹಳ, ಆದರೂ 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ನಿಮಗೆ ಭಟ್ಟಿಯ ಬಗ್ಗೆ ಬರೆಯುವಾಗ ಮನೆಯ ಮಾತು ತಡೆಯಲಾರದೆ ನುಗ್ಗಿದರೆ ಬಿಡಿ. ನುಗ್ಗದಿದ್ದರೆ ಎಳೆದು ತರಬೇಡಿ. ಆದರೆ ಉಪಕರಣಗಳ ಹೆಸರು, ಕೆಲಸದ ಹೆಸರು, ಬೈಯುವ ರೀತಿ, ಇವು ಮಾತ್ರ ಭಟ್ಟಿಯಲ್ಲಿ ಹೇಗಿವೆಯೋ ಹಾಗೆಯೇ ಇರಲಿ. ಅದಕ್ಕೆ ಅಡಿಟಿಪ್ಪಣಿ ಬೇಡ, ಓದುಗರು ದಡ್ಡರಲ್ಲ.

ಎ.ಎನ್. ಮೂರ್ತಿರಾಯರನ್ನು ಮರೆತು ಪ್ರಬಂಧದ ಮಾತು ಮುಗಿಸಬಾರದು. ಅವರಿಗೆ ಅಪರೂಪದ ಕಸುಬೂ ಇರಲಿಲ್ಲ, ಕಾಡೂ ಇರಲಿಲ್ಲ. ಕಾಲೇಜು ಮೇಷ್ಟರು, ಸಭ್ಯ ಮಧ್ಯಮ ವರ್ಗದ ಬದುಕು. ‘ಹಗಲುಗನಸುಗಳು’ ಬಂದದ್ದು 1937ರಲ್ಲಿ. ‘ದೇವರು’ ಬಂದದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ನಡುವೆ ಐವತ್ತನಾಲ್ಕು ವರ್ಷ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಅದೇ ಮನುಷ್ಯ ಎಂದು ಕಣ್ಣು ಮುಚ್ಚಿ ಹೇಳಬಹುದು. ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪದ, ಆದರೆ ಒಪ್ಪಿದವರನ್ನು ನೋಯಿಸದ ಒಂದು ಸಜ್ಜನಿಕೆಯ ಸಂಶಯ. ವಸ್ತು ಎಲ್ಲರಿಗೂ ಸಿಗುವಂಥದ್ದಾದಾಗ ಕೊನೆಗೆ ಉಳಿಯುವುದು ಇದು: ನಿಮಗೆ ಯಾವುದು ಒಪ್ಪಿಗೆ, ಯಾವುದು ಸುತರಾಂ ಒಪ್ಪಿಗೆಯಿಲ್ಲ. ನಿಮ್ಮ ಮೂರು ಬರಹಗಳಲ್ಲಿ ನನಗೆ ಕಂಡ ದೊಡ್ಡ ಕೊರತೆ, ನಿಜ ಹೇಳಬೇಕೆಂದರೆ, ಮಳೆಯಲ್ಲ ಜೀಪಲ್ಲ, ನೀವು ಯಾವುದನ್ನೂ ಬೇಡ ಅಂದಿಲ್ಲ. ಎಲ್ಲರೂ ಒಳ್ಳೆಯವರು, ಎಲ್ಲವೂ ತಮಾಷೆ. ಭಟ್ಟಿಯ ಹೊಗೆ ಊರಿಗೆ ಕೆಟ್ಟದ್ದು ಅನ್ನುವವರಿದ್ದಾರೆ, ಭಟ್ಟಿ ಮುಚ್ಚಿದರೆ ಹೊಟ್ಟೆಗೇನು ಅನ್ನುವವರಿದ್ದಾರೆ. ನೀವೇನು ಅನ್ನುತ್ತೀರಿ? ನಿಮ್ಮ ಅಪ್ಪನ ಎದುರಿಗೆ ಅದನ್ನು ಅನ್ನಬಲ್ಲಿರಾ? ಅಲ್ಲಿ ಬರಹ ಬಿಸಿಯಾಗುತ್ತದೆ.

ಸಣ್ಣಪುಟ್ಟ ಕೆಲಸದ ಮಾತು ಕೆಲವು. ಕರೆಯದೆ ಬರುವ ಪದಗಳನ್ನು ಹೊರಗೆ ಹಾಕಿ. ‘ನೆನಪಿನ ಬುತ್ತಿ’, ‘ಬದುಕಿನ ಜಂಜಾಟ’, ‘ಮನಸ್ಸು ಗರಿಬಿಚ್ಚಿ’, ‘ಕಾಲಗರ್ಭ’, ಇವುಗಳಲ್ಲಿ ಮೂರು ನಿಮ್ಮ ಬರಹದಲ್ಲೇ ಇವೆ. ತೇಜಸ್ವಿ ಇದ್ದಿದ್ದರೆ ಮೂರನ್ನೂ ಹೊಡೆದುಹಾಕುತ್ತಿದ್ದರು, ಅಷ್ಟರಮಟ್ಟಿಗೆ ನೀವು ಅವರ ಅನುಕರಣೆಯನ್ನೂ ಪೂರ್ತಿ ಮಾಡಿಲ್ಲ! ಮೊದಲ ಕರಡಿನಲ್ಲಿ ನಾಚಿಕೆಯಾಗಿ ತೆಗೆದುಹಾಕಿದ ಸಾಲುಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಬಹಳ ಸಲ ಅವೇ ನಿಮ್ಮವಾಗಿರುತ್ತವೆ. ಇತ್ತೀಚೆಗೆ ಕೆಲವರು ಬರೆದದ್ದನ್ನು ಎಐ ಕೈಗೆ ಕೊಟ್ಟು ‘ಚಂದ ಮಾಡಿಸುತ್ತಾರೆ’. ಕಾಗುಣಿತಕ್ಕೆ, ಅಲ್ಪಪ್ರಾಣ ಮಹಾಪ್ರಾಣಕ್ಕೆ ಬಳಸಿಕೊಳ್ಳಿ, ಅಭ್ಯಂತರವಿಲ್ಲ. ಆದರೆ ವಾಕ್ಯ ತಿದ್ದಲು ಕೊಟ್ಟರೆ ಅದು ಮೊದಲು ಸವರಿ ನುಣ್ಣಗೆ ಮಾಡುವುದು ನಿಮ್ಮ ಸೊಟ್ಟ ವಾಕ್ಯಗಳನ್ನೇ. ಸೊಟ್ಟವೆಲ್ಲ ಸ್ವಂತದ್ದು ಎಂದಲ್ಲ. ಯಾವ ಸೊಟ್ಟ ಉಳಿಯಬೇಕು ಎಂದು ತೀರ್ಮಾನಿಸುವ ಕೆಲಸ ನಿಮ್ಮದು, ಅದನ್ನು ಹೊರಗಿನವರಿಗೆ ವಹಿಸಬೇಡಿ.

‘ಥೇಟ್ ತೇಜಸ್ವಿ’ ಎನ್ನುವವರು ಇನ್ನೂ ಕೆಲವು ಕಾಲ ಹಾಗೇ ಅನ್ನುತ್ತಾರೆ. ಒಮ್ಮೆ ಹಚ್ಚಿದ ಹೆಸರನ್ನು ಓದುಗರು ಬೇಗ ಬಿಡುವುದಿಲ್ಲ. ಅದಕ್ಕೆ ಉತ್ತರ ಕೊಡುತ್ತ ಕೂರಬೇಡಿ. ಭಟ್ಟಿಯ ಬಗ್ಗೆ ಒಂದು ಬರಹ ಬರೆಯಿರಿ. ಪತ್ರಿಕೆಗೆ ಕಳಿಸುವ ಮುಂಚೆ, ಅಲ್ಲಿ ಮರಳಿನ ಮುಂದೆ ನಿಂತು ಹುರಿಯುವವರಿಗೆ ಒಂದು ಸಲ ಓದಿ ಹೇಳಿ. ‘ಹಂಗಲ್ಲ ಅದು’ ಎಂದು ಅವರು ತಡೆದ ಕಡೆ ತಿದ್ದಿ. ‘ಭಾಳ ಚಂದ ಬರ್ದೀರಿ’ ಎಂದ ಕಡೆ ಹೊಡೆದುಹಾಕಿ. ಮಿಕ್ಕದ್ದನ್ನು ನನಗೂ ಒಂದು ಪ್ರತಿ ಕಳಿಸಿ.